ಗೌಡರ ಕಾರಿನ ಹಾಲು ಬಣ್ಣದ ಆಯಿಲ್

ಡಿಪ್‌ಸ್ಟಿಕ್ ಎಳೆದೆ. ಕಪ್ಪು ಆಯಿಲ್ ಬರಬೇಕಾದ ಕಡೆ ಹಾಲು ಹೆಚ್ಚಾದ ಕಾಫಿಯ ಬಣ್ಣದ್ದೇನೋ ಅಂಟಿಕೊಂಡು ಬಂತು. ಬಟ್ಟೆಯಲ್ಲಿ ಒರೆಸಿ, ಇನ್ನೊಮ್ಮೆ ಅದ್ದಿ ಎಳೆದೆ. ಮತ್ತೆ ಅದೇ. ಆಯಿಲ್ ತುಂಬುವ ಕಡೆಯ ಮುಚ್ಚಳ ತಿರುಗಿಸಿ ನೋಡಿದರೆ ಅದರ ಒಳಮೈಗೆ ಬೆಣ್ಣೆ ಮೆತ್ತಿದ ಹಾಗೆ ದಪ್ಪಗೆ ಹತ್ತಿಕೊಂಡಿತ್ತು. ಎಂಜಿನ್ ಆಯಿಲ್ ಈ ಬಣ್ಣಕ್ಕೆ ತಿರುಗಿತು ಅಂದರೆ ರೇಡಿಯೇಟರ್ ನೀರು ಎಲ್ಲೋ ದಾರಿ ಮಾಡಿಕೊಂಡು ಆಯಿಲಿಗೆ ಸೇರುತ್ತಿದೆ ಅಂತಲೇ ಅರ್ಥ. ಎಲ್ಲಿಂದ ಅನ್ನುವುದು ಮಾತ್ರ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

"ಏನಯ್ಯಾ ಅದು?" ಹೆಗಲ ಹಿಂದಿನಿಂದ ಗೌಡರು ಕೇಳಿದರು.

"ನೀರು ಗೌಡ್ರೇ."

"ನೀರು ಅಂತ ನಂಗೂ ಕಾಣ್ತದೆ. ಬಿಟ್ಟೋರು ಯಾರು ಅದನ್ನ? ನಿಮ್ಮ ಮೇಸ್ತ್ರಿ ತಾನೆ?"

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಜೆ.ಪಿ. ನಗರ ಮುಗಿದು ಪುಟ್ಟೇನಹಳ್ಳಿ ಶುರುವಾಗುವ ಕಡೆ, ಕೆರೆಗೆ ಇಳಿಯುವ ರಸ್ತೆಯ ಪಕ್ಕ ನನ್ನ ಶೆಡ್ಡು. ತಗಡಿನ ಮಾಡು, ಕಾರಿನಡಿ ನಿಂತು ಕೆಲಸ ಮಾಡಲು ತೋಡಿದ ಒಂದು ಗುಂಡಿ, ಅಷ್ಟೇ. ಜಾಗ ಗೌಡರದು. ಆ ಊರಿನ ಹಳೇ ಒಕ್ಕಲು ಮನೆತನ ಅವರದು. ಹೊಲಗಳೆಲ್ಲ ಬಡಾವಣೆಯಾದ ಮೇಲೆ ಉಳಿದ ಅಂಚಿನಲ್ಲಿ ಮಳಿಗೆ, ಶೆಡ್ಡು ಅಂತ ಬಾಡಿಗೆಗೆ ಬಿಟ್ಟುಕೊಂಡಿದ್ದರು. ಯಾರಿಂದಲೋ ಕೊಂಡ ಹಳೇ ಬಿಳಿ ಅಂಬಾಸಿಡರ್ ಒಂದಿತ್ತು. ಅದರ ಮೇಲೆ ಯಾರಾದರೂ ಕೈ ಊರಿ ನಿಂತರೆ ಗೌಡರಿಗೆ ಮೈ ಉರಿಯುತ್ತಿತ್ತು.

ಮೇಸ್ತ್ರಿ ಅಂದರೆ ನನಗೆ ಕೆಲಸ ಕಲಿಸಿದವರು. ನಾನು ಸ್ವಂತ ಶೆಡ್ಡು ಹಾಕಿದಾಗ "ಒಬ್ನೇ ಏನ್ ಕಿಸೀತೀಯ, ನಾನೂ ಬರ್ತೀನಿ" ಅಂತ ಜೊತೆಗೆ ಬಂದರು. ಸುದ್ದಗುಂಟೆಪಾಳ್ಯದಿಂದ ದಿನಾ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಹೆಸರಿಗೆ ನಾನು ಓನರ್. ಎಂಜಿನ್ ಮುಂದೆ ಅವರು ಹೇಳಿದ್ದೇ ನಡೆಯುತ್ತಿದ್ದದ್ದು.

ಕೆಲವು ವಾರಗಳ ಹಿಂದೆ ಇದೇ ಕಾರು ಬಿಸಿಯಾಗುತ್ತದೆ ಅಂತ ಬಂದಿತ್ತು. ಬನಶಂಕರಿ ದಿಣ್ಣೆ ಹತ್ತುವುದರೊಳಗೆ ರೇಡಿಯೇಟರ್ ಕುದಿಯುತ್ತಿತ್ತಂತೆ. ಮೇಸ್ತ್ರಿ ಹೆಡ್ ಬಿಚ್ಚಿದರು. ಹೆಡ್ ಅಂದರೆ ಎಂಜಿನ್ನಿನ ಮೇಲಿನ ಅರ್ಧ. ಕೆಳಗಿನ ಅರ್ಧಕ್ಕೆ ಬ್ಲಾಕ್ ಅನ್ನುತ್ತೇವೆ. ಎರಡರ ನಡುವೆ ಒಂದು ತೆಳ್ಳನೆ ಗ್ಯಾಸ್ಕೆಟ್ ಕೂತು ಬೆಂಕಿ, ನೀರು, ಆಯಿಲ್ ಮೂರನ್ನೂ ಒಂದಕ್ಕೊಂದು ಸೇರದ ಹಾಗೆ ತಡೆಯುತ್ತದೆ. ಅದು ಒಂದು ಕಡೆ ಸುಟ್ಟಿತ್ತು. ನೀರು ಓಡಾಡುವ ದಾರಿಗಳಲ್ಲೆಲ್ಲ ಕಂದು ಬಣ್ಣದ ಗಸಿ ಕಟ್ಟಿತ್ತು. "ಎಷ್ಟು ತುಕ್ಕು ನೋಡು, ಬೋರ್ ನೀರು ಹಾಕಿ ಹಾಕಿ ಹಿಂಗಾಗಿದೆ" ಅಂತ ಮೇಸ್ತ್ರಿ ಬೈದುಕೊಂಡು, ರೇಡಿಯೇಟರನ್ನೂ ಬ್ಲಾಕನ್ನೂ ಬಟ್ಟೆ ಸೋಡಾ ಕಲಸಿದ ನೀರಲ್ಲಿ ತೊಳೆದು, ತಂತಿ ಹಾಕಿ ಕೆರೆದು, ಫಳಫಳ ಅನ್ನಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೊಟ್ಟಿದ್ದರು. ಬಿಸಿಯಾಗುವುದು ನಿಂತಿತು. ಈಗ ಆಯಿಲ್ ಬೆಳ್ಳಗಾಗಿತ್ತು.

ಗೌಡರ ಗಂಟಲು ದೊಡ್ಡದು. ಅವತ್ತು ಅದಕ್ಕೆ ಲಗಾಮೇ ಇರಲಿಲ್ಲ. ಶೆಡ್ಡಿನಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಮೇಸ್ತ್ರಿ ಒಂದು ಕಾರ್ಬುರೇಟರ್ ಬಿಚ್ಚಿಕೊಂಡು ಕೂತಿದ್ದರು.

"ಜಯನಗರದ ವರ್ಕ್‌ಶಾಪಲ್ಲಿ ವಿಚಾರಿಸ್ದೆ ಕಣಯ್ಯಾ. ಹೆಡ್ ಬೋಲ್ಟ್‌ನ ಟಾರ್ಕ್ ಸ್ಪ್ಯಾನರ್ ಹಾಕಿ ಅಳೆದು ಬಿಗೀತಾರಂತೆ. ಈ ಮುದುಕ ಕೈ ಅಂದಾಜಲ್ಲಿ ಬಿಗ್ದವ್ನೆ. ಕಣ್ಣು ಕಾಣ್ದೋನು, ಕೈಯಲ್ಲಿ ಶಕ್ತಿ ಇಲ್ದೋನು, ಇಂಥೋನಿಗೆ ನನ್ನ ಗಾಡಿ ಕೊಟ್ಟೆಯಲ್ಲ ನೀನು! ಹಾಳು ಮಾಡ್ಬಿಟ್ಟ! ಎಂಜಿನ್ನೇ ಹಾಳು ಮಾಡ್ಬಿಟ್ಟ!"

ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಮೇಸ್ತ್ರಿ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಸ್ಕ್ರೂ ಮಾತ್ರ ಎರಡು ಸಲ ಜಾರಿ ಕೆಳಗೆ ಬಿತ್ತು. ನನಗೆ ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಈ ತಿಂಗ್ಳು ಕಳ್ಯೋದ್ರೊಳ್ಗೆ ಇವ್ನು ನನ್ನ ಜಾಗ ಬಿಟ್ಟು ಹೋಗ್ಬೇಕು. ಇಲ್ಲಾಂದ್ರೆ ನೀನು ಶೆಡ್ಡೆತ್ತು" ಅಂದರು ಗೌಡರು.

"ಗೌಡ್ರೇ, ನೀರು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗೋವರ್ಗೂ ಯಾರೂ ಎಲ್ಲಿಗೂ ಹೋಗಲ್ಲ. ಗಾಡಿ ಬಿಟ್ಟು ಹೋಗಿ."

"ನೋಡ್ತೀನಿ ನಾನೂ" ಅಂತ ಹೆಗಲ ಟವೆಲ್ ಕೊಡವಿಕೊಂಡು ಹೋದರು.

ಮೊದಲು ಅನುಮಾನ ಬರುವುದು ಗ್ಯಾಸ್ಕೆಟ್ ಮೇಲೇ. ಹಾಗಾಗಿ ಮತ್ತೆ ಹೆಡ್ ಬಿಚ್ಚಿದೆವು, ಈ ಸಲ ನಾನೂ ಮೇಸ್ತ್ರಿಯೂ ಕೂಡಿ. ಗ್ಯಾಸ್ಕೆಟ್ ಎತ್ತಿ ಬೆಳಕಿಗೆ ಹಿಡಿದು ಅಂಚು ಅಂಚೂ ನೋಡಿದೆ. ಎಲ್ಲ ಕಡೆ ಸಮವಾಗಿ ಒತ್ತಿದ ಗುರುತು. ನೀರು ನುಸುಳಿದ ಒಂದು ಗೆರೆಯೂ ಇಲ್ಲ. ಟಾರ್ಕ್ ಸ್ಪ್ಯಾನರ್ ಇಲ್ಲದೆ ಇಷ್ಟು ಸಮವಾಗಿ ಬಿಗಿದ ಕೈಗೆ ಶಕ್ತಿ ಇಲ್ಲ ಅಂದರೆ ಯಾರು ನಂಬುತ್ತಾರೆ? ಆದರೂ ಗೌಡರ ಬಾಯಿ ಮುಚ್ಚಿಸಬೇಕಲ್ಲ. ಹೆಡ್ಡನ್ನು ಕಲಾಸಿಪಾಳ್ಯದ ಲೇತ್ ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ಉಕ್ಕಿನ ಪಟ್ಟಿ ಇಟ್ಟು ನೋಡಿದರು, ಬಾಗಿರಲಿಲ್ಲ. ನೀರಿನ ತೂತುಗಳನ್ನೆಲ್ಲ ಮುಚ್ಚಿ ಒಳಗೆ ಗಾಳಿ ತುಂಬಿ ತೊಟ್ಟಿಯಲ್ಲಿ ಮುಳುಗಿಸಿದರು, ಒಂದು ಗುಳ್ಳೆ ಏಳಲಿಲ್ಲ. "ಹೆಡ್ ಚೆನ್ನಾಗಿದೆ ಗುರು, ಸುಮ್ನೆ ಯಾಕೆ ಹೊತ್ಕೊಂಡು ಬಂದೆ?" ಅಂತ ಕೇಳಿದ ಲೇತಿನವನು.

ಜಯನಗರದ ಪರಿಚಯದವರಿಂದ ಟಾರ್ಕ್ ಸ್ಪ್ಯಾನರ್ ಕೇಳಿ ತಂದೆ. ಹೊಸ ಗ್ಯಾಸ್ಕೆಟ್ ಕೂರಿಸಿ, ನಡುವಿನ ಬೋಲ್ಟಿನಿಂದ ಶುರು ಮಾಡಿ ಎರಡೂ ಕಡೆಗೆ ಸರಿಯುತ್ತ ನಾನೇ ಬಿಗಿದೆ. ಮೇಸ್ತ್ರಿ ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದರು. ಹಳೇ ಆಯಿಲ್ ಇಳಿಸಿ, ಒಳಗೆಲ್ಲ ತೊಳೆದು, ಹೊಸದು ತುಂಬಿ ಕಾರು ಕಳಿಸಿದೆ.

ವಾರ ಕಳೆಯುವುದರೊಳಗೆ ಗೌಡರು ವಾಪಸ್ ಬಂದರು. ಡಿಪ್‌ಸ್ಟಿಕ್ ಎಳೆದರೆ ಮತ್ತೆ ಕಾಫಿ.

ಈ ಸಲ ಅವರು ಕಿರುಚಲಿಲ್ಲ. ಕೀಲಿಕೈಯನ್ನು ಬೆಂಚಿನ ಮೇಲೆ ಎಸೆದು, "ಸಲ ಸಲಕ್ಕೂ ಬಿಚ್ಚಿ ಕಟ್ಟೋಕೆ ಇದೇನು ಹಾಸಿಗೇನಾ? ಆ ಮನುಷ್ಯ ಹೆಡ್ಡಿಗೋ ಬ್ಲಾಕಿಗೋ ಏಟು ಕೊಟ್ಟವ್ನೆ. ಒಪ್ಕೊಳ್ಳಾಕೆ ಆಗ್ದೆ ಸುಮ್ಕವ್ನೆ. ತಿಂಗ್ಳು ಮುಗೀತಾ ಬಂತು, ನೆನಪೈತಲ್ಲ?" ಅಂದರು. ಮೇಸ್ತ್ರಿಯ ಮುಖ ನೋಡದೆ ಅಂದರು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಅವರು ಹೋದ ಮೇಲೆ ಮೇಸ್ತ್ರಿ ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಳ್ಳುತ್ತ ಮೆಲ್ಲಗೆ ಹೇಳಿದರು: "ನನ್ನಿಂದಾನೇ ಆಗಿರ್ಬೇಕು ಕಣಪ್ಪಾ. ಮೊದಲ್ನೇ ಸಲ ಎಂಜಿನ್ ಬಿಸಿ ಇದ್ದಾಗ್ಲೇ ಹೆಡ್ ಬಿಚ್ಚಿದ್ನೇನೋ. ಬ್ಲಾಕ್ ಸೀಳಿರ್ಬೋದು. ರಾತ್ರಿ ಎಲ್ಲ ಅದನ್ನೇ ಯೋಚ್ನೆ ಮಾಡ್ತೀನಿ, ನೆನಪೇ ಆಗ್ತಿಲ್ಲ."

"ಏನ್ ಮಾತಾಡ್ತೀರಾ ಮೇಸ್ತ್ರಿ? ಬಿಸಿ ಎಂಜಿನ್ ಬಿಚ್ಚೋಕೆ ಹೋದಾಗ ನನ್ನ ಕೈಗೆ ಸ್ಪ್ಯಾನರಲ್ಲಿ ಬಾರಿಸಿದೋರು ನೀವು. ನೀವು ಬಿಚ್ತೀರಾ?"

"ಆವಾಗಿನ ನಾನು ಬೇರೆ. ವಯಸ್ಸಾಯ್ತು. ನನ್ನ ಒಬ್ನಿಂದ ನೀನ್ಯಾಕೆ ಶೆಡ್ ಕಳ್ಕೋತೀಯ?"

ಅಷ್ಟು ಹೇಳಿ ಸೈಕಲ್ ಹತ್ತಿದರು. ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಗೌಡರು ಕಳಿಸಿದ್ದಿದ್ದರೆ ಜಗಳ ಆಡಬಹುದಿತ್ತು. ಮೇಸ್ತ್ರಿಗೆ ತಮ್ಮ ಕೈ ಮೇಲೇ ನಂಬಿಕೆ ಹೋಗಿತ್ತು. ನಾನು ಹೋಗಿ "ನಿಮ್ಮ ತಪ್ಪಲ್ಲ, ಬನ್ನಿ" ಅಂದರೆ ಅದು ಬರೀ ಸಮಾಧಾನದ ಮಾತಾಗುತ್ತಿತ್ತು. ಅವರ ಮುಂದೆ ಇಡಲು ನನಗೆ ಕಾರಣ ಬೇಕಿತ್ತು. ಸಿಗುವವರೆಗೂ ಬೇರೆ ಗಾಡಿ ಮುಟ್ಟುವುದಿಲ್ಲ ಅಂತ ಹಟ ಹಿಡಿದೆ.

ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ ಆಯಿಲ್ ಇಳಿಸಿದೆ. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ ಇರುತ್ತದೆ. ಅದನ್ನು ಬಿಚ್ಚಿದರೆ ಕೆಳಗಿನಿಂದ ಎಂಜಿನ್ನಿನ ಹೊಟ್ಟೆಯೇ ಕಾಣುತ್ತದೆ. ಅಂಬಾಸಿಡರಿನಲ್ಲಿ ಅದನ್ನು ಹೊರಗೆಳೆಯುವುದು ಪೀಕಲಾಟ. ಮುಖ ಮೈಯೆಲ್ಲ ಹಾಲು ಆಯಿಲ್ ಸುರಿಸಿಕೊಂಡು ಅಂತೂ ಎಳೆದೆ. ಒಳಗಿನ ಕಬ್ಬಿಣವನ್ನೆಲ್ಲ ಪೆಟ್ರೋಲಿನಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿದೆ. ಪಕ್ಕದ ಮುಚ್ಚಳಗಳನ್ನೂ ತೆಗೆದೆ. ಗುಂಡಿಯಲ್ಲಿ ಹಳೇ ಪೇಪರ್ ಹಾಸಿದೆ, ಹನಿ ಬಿದ್ದರೆ ಗುರುತು ಸಿಗಲಿ ಅಂತ.

ಈಗ ರೇಡಿಯೇಟರಿಗೆ ಒತ್ತಡ ಕೊಡಬೇಕು. ಎಂಜಿನ್ ಓಡುವಾಗ ಬಿಸಿನೀರು ಎಷ್ಟು ಒತ್ತುತ್ತದೋ ಅಷ್ಟಾದರೂ ಒತ್ತಿದರೆ, ಎಲ್ಲಿ ತೂತಿದೆಯೋ ಅಲ್ಲಿಂದ ನೀರು ಹೊರಬರಲೇಬೇಕು. ಅದಕ್ಕೊಂದು ಸಲಕರಣೆ ಇತ್ತು, ನಮ್ಮ ಮೇಸ್ತ್ರಿಯೇ ಮಾಡಿದ್ದು: ಹಳೇ ರೇಡಿಯೇಟರ್ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ವಾಲ್ವ್ ಬೆಸೆದು ಇಟ್ಟಿದ್ದರು. ಅದನ್ನು ತಿರುಗಿಸಿ ಕೂರಿಸಿ, ಹೆಚ್ಚಾದ ನೀರು ಹೊರಹೋಗುವ ಸಣ್ಣ ಪೈಪಿಗೆ ಬಿರಡೆ ಜಡಿದು, ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಹೋಸುಗಳು ಬಿಗಿದುಕೊಂಡವು. ಗುಂಡಿಗೆ ಇಳಿದು ಟಾರ್ಚ್ ಬಿಟ್ಟುಕೊಂಡು ಕೂತೆ.

ಒಂದು ಹನಿ ಇಲ್ಲ.

ಮೇಲೆ ಹತ್ತಿ ಮತ್ತೆ ಗಾಳಿ ಹೊಡೆದೆ. ಮತ್ತೆ ಇಳಿದೆ. ಕತ್ತು ನೋಯುವವರೆಗೂ ನೋಡಿದೆ. ಪೇಪರ್ ಒಣಗೇ ಇತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ, ತಂತಿಗೆ ಬಟ್ಟೆ ಸುತ್ತಿ ನಾಲ್ಕೂ ಸಿಲಿಂಡರಿಗೆ ಇಳಿಸಿ ನೋಡಿದೆ. ಅಲ್ಲೂ ಪಸೆ ಇಲ್ಲ. ಸಾಯಂಕಾಲದ ಹೊತ್ತಿಗೆ ನನಗೆ ಅಳು ಬರುವುದೊಂದು ಬಾಕಿ. ಪಂಪನ್ನು ಮೂಲೆಗೆ ಎಸೆದೆ. ನೀರಿಲ್ಲದೆ ಆಯಿಲ್ ಬೆಳ್ಳಗಾಗಲು ಇದೇನು ಮಾಟ ಮಂತ್ರವೇ! ಗೌಡರು ಬಂದು ಕೇಳಿದರೆ ಏನು ಹೇಳಲಿ? "ಏನೂ ಸಿಗಲಿಲ್ಲ" ಅಂದ ಕೂಡಲೇ ಅವರ ಮಾತೇ ನಿಜವಾಗುತ್ತದೆ. ಮೇಸ್ತ್ರಿಯ ಹೆಸರಿಗೆ ಆ ಮಸಿ ಹಾಗೇ ಉಳಿದುಬಿಡುತ್ತದೆ.

ಅವತ್ತು ಮನೆಗೆ ಹೋಗಿ ಊಟಕ್ಕೆ ಕೂತರೂ ತಲೆಯಲ್ಲಿ ಅದೇ. ಹೋದ ವಾರ ನೀರು ಬಂದಿದೆ, ಸುಳ್ಳಲ್ಲ. ಇವತ್ತು ಬರುತ್ತಿಲ್ಲ, ಅದೂ ಸುಳ್ಳಲ್ಲ. ತೂತು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಹಾಗಾದರೆ ಮಧ್ಯೆ ಅದಕ್ಕೆ ಏನೋ ಅಡ್ಡ ಕೂತಿದೆ. ಅಷ್ಟು ಹೊಳೆದದ್ದೇ, ಇನ್ನು ಹೆಡ್ಡಿನ ತಂಟೆಗೆ ಹೋಗುವುದಿಲ್ಲ ಅಂತ ತೀರ್ಮಾನ ಮಾಡಿದೆ. ಇಷ್ಟು ದಿನ ಮೇಲಿನ ಅರ್ಧವನ್ನೇ ಹಿಡಿದು ಜಗ್ಗಾಡಿದ್ದೆ. ನಾಳೆ ಬ್ಲಾಕಿನೊಳಗಿನ ನೀರಿನ ದಾರಿ ಪೂರ್ತಿ ತೊಳೆದು, ತಣ್ಣೀರಿನ ಬದಲು ಕುದಿಯುವ ನೀರು ತುಂಬಿ ಒತ್ತಡ ಕೊಡಬೇಕು. ಕಬ್ಬಿಣ ಕಾದಾಗ ಸಣ್ಣ ಸೀಳೂ ಬಾಯಿ ಬಿಡುತ್ತದೆ.

ಬೆಳಗ್ಗೆ ಬ್ಲಾಕಿನ ಪಕ್ಕದಲ್ಲಿ ನೀರು ಇಳಿಸುವ ನಲ್ಲಿ ತಿರುಗಿಸಿದೆ. ನೀರು ಬರಲಿಲ್ಲ. ಮೇಸ್ತ್ರಿ ಹೋದ ತಿಂಗಳಷ್ಟೇ ಚೊಕ್ಕ ಮಾಡಿದ್ದ ನಲ್ಲಿ ಅದು. ತಂತಿ ತೂರಿಸಿ ಕೆದಕಿದೆ. ಸೊರಕ್ ಅಂತ ಒಂದು ಕಂದು ಮುದ್ದೆ ಹೊರಬಂತು, ಅದರ ಹಿಂದೆಯೇ ಬಗ್ಗಡ ನೀರು.

ತುಕ್ಕಿಗೂ ಅದೇ ಬಣ್ಣ. ಆದರೆ ತುಕ್ಕನ್ನು ಬೆರಳಲ್ಲಿ ಹೊಸಕಿದರೆ ಮರಳು ಮರಳು. ಇದು ಹಾಗಿರಲಿಲ್ಲ, ಜಿಗುಟು ಜಿಗುಟಾಗಿ ಬೆರಳಿಗೆ ಅಂಟಿತು. ಮೂಗಿನ ಹತ್ತಿರ ಹಿಡಿದೆ. ಹುಳಿ ವಾಸನೆ. ಆ ವಾಸನೆ ನನಗೆ ಚೆನ್ನಾಗಿ ಗೊತ್ತು, ಅದನ್ನು ಕುಡಿದೇ ನಾನು ಬೆಳೆದದ್ದು. ನಿನ್ನೆಯ ಅಂಬಲಿ! ರಾಗಿ ಹಿಟ್ಟು!

ಒಬ್ಬನೇ ನಿಂತುಕೊಂಡು ಜೋರಾಗಿ ನಕ್ಕುಬಿಟ್ಟೆ. ನಗುತ್ತ ನಗುತ್ತಲೇ ಸಿಟ್ಟು ಬಂತು. ಮುದ್ದೆಯನ್ನು ಪೇಪರಿನಲ್ಲಿ ಕಟ್ಟಿಟ್ಟು ಕೆಲಸಕ್ಕೆ ಇಳಿದೆ.

ಮನೆಯಿಂದ ಹಂಡೆ ತಂದು ಶೆಡ್ಡಿನ ಹಿಂದೆ ಕಲ್ಲು ಹೂಡಿ ಸೌದೆ ಹೊತ್ತಿಸಿದೆ. ಸೋಡಾ ಕಲಸಿದ ಕುದಿನೀರು ತುಂಬುವುದು, ಬಿಡುವುದು, ಮತ್ತೆ ತುಂಬುವುದು. ಮೊದಮೊದಲು ಗಂಜಿಯೇ ಬಂತು. ಆಮೇಲೆ ಕೆಂಪು ನೀರು, ಆಮೇಲೆ ತೆಳುವಾಗುತ್ತ ಹೋಯಿತು. ತುಂಬಿದ ನೀರು ತುಂಬಿದ ಹಾಗೇ ತಿಳಿಯಾಗಿ ಹೊರಬರುವವರೆಗೂ ಬಿಡಲಿಲ್ಲ. ಬೆನ್ನು ಮುರಿದುಹೋಗಿತ್ತು. ಕೊನೆಯ ಸಲ ಕುದಿನೀರು ತುಂಬಿ, ವಾಲ್ವ್ ಬೆಸೆದ ಮುಚ್ಚಳ ಹಾಕಿ ಗಾಳಿ ಹೊಡೆದು ಗುಂಡಿಗೆ ಇಳಿದೆ.

ಎರಡನೆಯ ಮೂರನೆಯ ಪಿಸ್ಟನ್ ಜೋಡಿಯಾಗಿ ಮೇಲೇರುತ್ತವೆ. ಮೊದಲೇ ಎಂಜಿನ್ನನ್ನು ಕೈಯಿಂದ ತಿರುಗಿಸಿ ಅವನ್ನು ಮೇಲಕ್ಕೆ ಕಳಿಸಿದ್ದೆ, ಆ ಎರಡು ಸಿಲಿಂಡರುಗಳ ಕೆಳಬಾಯಿ ಬಯಲಾಗಿತ್ತು. ಟಾರ್ಚ್ ಬಿಟ್ಟು ಕಾದೆ. ಮೂರನೆಯ ಸಿಲಿಂಡರಿನ ಕೆಳ ಅಂಚಿನಲ್ಲಿ ಏನೋ ಮಿನುಗಿತು. ಕಣ್ಣೆದುರೇ ಅದು ದಪ್ಪಗಾಯಿತು, ತೂಗಿತು, ಪೇಪರಿನ ಮೇಲೆ ಪಟ್ ಅಂತ ಬಿತ್ತು. ಒರೆಸಿದೆ. ಅದೇ ಜಾಗದಲ್ಲಿ ಇನ್ನೊಂದು ಹನಿ ಕಟ್ಟಿತು. ಮತ್ತೆ ಒರೆಸಿದೆ, ಮತ್ತೆ ಕಟ್ಟಿತು. ಪ್ಲಗ್ ತೂತಿನಿಂದ ಬಟ್ಟೆ ಇಳಿಸಿ ಪಿಸ್ಟನ್ನಿನ ತಲೆ ಮುಟ್ಟಿಸಿದೆ, ಒಣಗಿತ್ತು. ಅಂದರೆ ಮೇಲಿನ ಗ್ಯಾಸ್ಕೆಟ್ಟಿನಿಂದ ಇಳಿದ ನೀರಲ್ಲ ಇದು. ಪಕ್ಕದ ಮುಚ್ಚಳಗಳ ಕಡೆಯೂ ಒಣಗಿತ್ತು.

ಆ ಎಂಜಿನ್ನಿಗೆ ಹಿಂದೆ ಯಾರ ಕಾಲದಲ್ಲೋ ಸ್ಲೀವ್ ಹಾಕಿಸಿದ್ದರು. ಸವೆದ ಸಿಲಿಂಡರನ್ನು ಕೊರೆದು ದೊಡ್ಡದು ಮಾಡಿ ಒಳಗೆ ಹೊಸ ಕಬ್ಬಿಣದ ಕೊಳವೆ ಜಡಿಯುವುದಕ್ಕೆ ಸ್ಲೀವ್ ಅನ್ನುತ್ತಾರೆ. ಕೊಳವೆ ಗಟ್ಟಿಯಾಗಿಯೇ ಇತ್ತು. ಅದರ ಹಿಂದಿನ ಹಳೇ ಗೋಡೆಯನ್ನು ತುಕ್ಕು ತಿಂದು ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ನೀರು ಆ ತೂತಿನಿಂದ ಬಂದು, ಗೋಡೆಗೂ ಕೊಳವೆಗೂ ನಡುವಿನ ಸಂದಿಯಲ್ಲಿ ಜಾರಿ, ಕೆಳಗಿನ ಆಯಿಲಿಗೆ ಬೀಳುತ್ತಿತ್ತು. ಹೆಡ್ ಬೋಲ್ಟನ್ನು ಯಾರು ಹೇಗೆ ಬಿಗಿದರೂ ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಗುಂಡಿಯಿಂದ ಹತ್ತಿ ನೇರ ಗೌಡರ ಮನೆಗೆ ಹೋದೆ. ಕೈಕಾಲು ಕೂಡ ತೊಳೆದುಕೊಳ್ಳಲಿಲ್ಲ.

"ಬನ್ನಿ ಗೌಡ್ರೇ, ಒಂದು ತೋರಿಸ್ತೀನಿ."

"ಸಿಕ್ತಾ? ಏನಂತೆ?"

"ನೀವೇ ಕಣ್ಣಲ್ಲಿ ನೋಡಿ."

ಬಂದರು. ಗುಂಡಿ ನೋಡಿ ಹಿಂದೆ ಮುಂದೆ ನೋಡಿದರು. ಮೈಮೇಲೆ ಇಸ್ತ್ರಿ ಮಾಡಿದ ಪಂಚೆ. "ಇಳೀರಿ ಗೌಡ್ರೇ, ಆಮೇಲೆ ಯಾರೋ ಹೇಳಿದ್ದು ಕೇಳ್ದೆ ಅನ್ಬಾರ್ದು" ಅಂದೆ. ಪಂಚೆ ಎತ್ತಿ ಕಟ್ಟಿ, ನನ್ನ ಹೆಗಲು ಹಿಡಿದು ಇಳಿದರು. ಟಾರ್ಚ್ ಬೆಳಕಲ್ಲಿ ಹನಿ ಕಟ್ಟುವುದನ್ನು ತೋರಿಸಿದೆ. ಅವರ ಕೈಗೇ ಬಟ್ಟೆ ಕೊಟ್ಟೆ. ಒರೆಸಿದರು. ಮತ್ತೆ ಕಟ್ಟಿತು. ನೀರು ಯಾವ ದಾರಿಯಲ್ಲಿ ಬರುತ್ತಿದೆ ಅಂತ ಬಿಡಿಸಿ ಹೇಳಿದೆ. ಹೊಲಕ್ಕೆ ನೀರು ಹಾಯಿಸಿದವರು, ತಕ್ಷಣ ತಿಳಿದುಕೊಂಡರು.

ಮೇಲೆ ಬಂದ ಮೇಲೆ ಪೇಪರ್ ಪೊಟ್ಟಣ ಬಿಚ್ಚಿ ಮುಂದಿಟ್ಟೆ. "ಇದೇನು ಗೌಡ್ರೇ?"

ಗೌಡರು ಬಗ್ಗಿ ನೋಡಿ, ಏನೂ ಆಗದವರ ಹಾಗೆ, "ರಾಗಿ ಹಿಟ್ಟು. ನಾನೇ ಹಾಕಿದ್ದು" ಅಂದರು.

"ಎಲ್ಲಿಗೆ? ರೇಡಿಯೇಟರ್‌ಗಾ?"

"ಹೂಂ ಕಣಯ್ಯಾ. ನೀರು ಇಳೀತಿತ್ತು. ನಮ್ಮ ತೋಟದ ಪಂಪ್‌ಸೆಟ್ ಸೋರಿದ್ರೆ ನಮ್ಮಪ್ಪನ ಕಾಲದಿಂದ್ಲೂ ಅದೇ ಹಾಕ್ತಿದ್ದದ್ದು. ಬೆಂದು ಹೋಗಿ ಕಚ್ಕೊಂಡು ಕೂತ್ಕೋತದೆ. ಸಿಮೆಂಟ್ ಕೂಡ ಹಂಗೆ ಕೂರಾಕಿಲ್ಲ."

"ಯಾವಾಗಿಂದ ಹಾಕ್ತಿದೀರಾ?"

"ಗಾಡಿ ತಗೊಂಡಾಗಿಂದ. ಒಂದೊಂದು ಹಿಡಿ. ಹೋದ ವಾರಾನೂ ಹಾಕ್ದೆ. ಅದ್ರಾಗೆ ತಪ್ಪೇನು?"

"ನಂಗೆ ಒಂದು ಮಾತು ಹೇಳ್ಬಾರ್ದಾ ಗೌಡ್ರೇ!"

"ನೀನು ಕೇಳಿದ್ಯಾ?"

ನಿಜವೇ, ಕೇಳಿರಲಿಲ್ಲ. ರೇಡಿಯೇಟರಿಗೆ ರಾಗಿ ಹಿಟ್ಟು ಹಾಕಿದ್ದೀರಾ ಅಂತ ಯಾವ ಮೆಕ್ಯಾನಿಕ್ ಕೇಳುತ್ತಾನೆ?

ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಒಂದೊಂದಾಗಿ ಹೇಳಿದೆ. ಈ ತೂತು ನೀವು ಗಾಡಿ ತಗೊಂಡಾಗಲೇ ಇತ್ತು. ನಿಮ್ಮ ರಾಗಿ ಅದಕ್ಕೆ ಬೆಣೆ ಹೊಡೆದ ಹಾಗೆ ಕೂತಿತ್ತು. ಅದೇ ರಾಗಿ ರೇಡಿಯೇಟರನ್ನೂ ಕಟ್ಟಿಹಾಕಿ ಎಂಜಿನ್ ಕುದಿಯಿತು, ಗ್ಯಾಸ್ಕೆಟ್ ಸುಟ್ಟಿತು. ಆಗ ನೀವು ಇಲ್ಲಿಗೆ ತಂದಿರಿ. ಬೇರೆ ಯಾರಾದರೂ ಆಗಿದ್ದರೆ ಗ್ಯಾಸ್ಕೆಟ್ ಬದಲಾಯಿಸಿ ಕೈ ತೊಳೆದುಕೊಳ್ಳುತ್ತಿದ್ದರು, ನಿಮ್ಮ ಆಯಿಲ್ ಚೆನ್ನಾಗಿಯೇ ಇರುತ್ತಿತ್ತು. ಮೇಸ್ತ್ರಿ ಹಾಗೆ ಮಾಡಲಿಲ್ಲ. ಒಳಗಿನ ಗಸಿಯನ್ನೆಲ್ಲ ಕೆರೆದು ಕೆರೆದು ತೆಗೆದರು. ತೂತು ತೆರೆದುಕೊಂಡಿತು. ಹೋದ ವಾರ ನೀವು ಮತ್ತೆ ಹಾಕಿದಿರಿ, ಮತ್ತೆ ಮುಚ್ಚಿಕೊಂಡಿತು, ನನಗೆ ಹುಡುಕಿದರೂ ಸಿಗದ ಹಾಗಾಯಿತು.

"ಅವ್ರು ಕೆಲ್ಸ ಕೆಟ್ಟದಾಗಿ ಮಾಡಿದ್ದಕ್ಕೆ ಅಲ್ಲ ಗೌಡ್ರೇ ನೀರು ಬಂದಿದ್ದು. ಚೆನ್ನಾಗಿ ಮಾಡಿದ್ದಕ್ಕೆ ಬಂತು. ಅದಕ್ಕೆ ಅಷ್ಟು ಜನದ ಮುಂದೆ ಉಗಿಸ್ಕೊಂಡ್ರು. ಈಗ ಮನೇಲಿ ಕೂತು, ನನ್ನ ಕೈ ಕೆಟ್ಟೋಯ್ತು ಅಂತ ಕೊರಗ್ತಿದಾರೆ."

ನನ್ನ ದನಿ ಏರಿಬಿಟ್ಟಿತ್ತು. ಜಾಗದ ಓನರ್ ಅನ್ನುವುದು ಮರೆತೇಹೋಗಿತ್ತು. ಗೌಡರು ಪೊಟ್ಟಣದ ಹಿಟ್ಟನ್ನು ಬೆರಳಲ್ಲಿ ಹೊಸಕಿ ನೋಡಿದರು. ಆಮೇಲೆ ಎದ್ದು, "ಮನೆ ಎಲ್ಲಿ ಅವ್ನದು... ಅವ್ರದು?" ಅಂದರು.

ನನ್ನ ಸ್ಕೂಟರಿನ ಹಿಂದೆ ಕೂತು ಬಂದರು. ಸುದ್ದಗುಂಟೆಪಾಳ್ಯದಲ್ಲಿ ಮೇಸ್ತ್ರಿಯ ಮನೆಯಿದ್ದ ಕಾಲೋನಿಯ ಒಳಗೆ ಗೌಡರಂಥವರು ಕಾಲಿಡುವುದು ಅಪರೂಪ. ಓಣಿಯ ಬಾಗಿಲುಗಳಲ್ಲಿ ಜನ ನಿಂತರು. ಮೇಸ್ತ್ರಿ ಹೊಸ್ತಿಲ ಮೇಲೆ ಕೂತಿದ್ದವರು ಎದ್ದು ನಿಂತರು. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಎರಡು ಕುರ್ಚಿ. "ಒಳಗೆ ಬನ್ನಿ ಗೌಡ್ರೇ" ಅಂದರು. ಗೌಡರು ಒಂದು ಕ್ಷಣ ಅಲ್ಲೇ ನಿಂತರು. ಆಮೇಲೆ ಚಪ್ಪಲಿ ಬಿಟ್ಟು ತಲೆ ಬಗ್ಗಿಸಿ ಒಳಗೆ ಹೋದರು.

ನಾನು ಪೀಠಿಕೆ ಹಾಕಲಿಲ್ಲ. "ಮೇಸ್ತ್ರಿ, ಸಿಕ್ತು. ಸ್ಲೀವ್ ಹಿಂದೆ ಗೋಡೆ ತೂತಾಗಿದೆ."

"ಯಾವ ಸಿಲಿಂಡರು?"

"ಮೂರನೇದು."

"ಸೀಳಾ? ನಾನು ಬಿಸೀಲಿ ಬಿಚ್ಚಿದ್ದಕ್ಕಾ?"

"ಸೀಳಲ್ಲ, ತುಕ್ಕು. ನಾವು ನೋಡೋಕಿಂತ ಮುಂಚೆ ಬಿದ್ದಿದ್ದು. ನಿಮಗೂ ಅದಕ್ಕೂ ಸಂಬಂಧ ಇಲ್ಲ. ನೀವು ತೊಳೆದಿದ್ದಕ್ಕೆ ಹೊರಗೆ ಬಂತು ಅಷ್ಟೇ."

ರಾಗಿ ಹಿಟ್ಟಿನ ಕಥೆ ಹೇಳಿದೆ. ಮೇಸ್ತ್ರಿ ಕೇಳುತ್ತ ಕೇಳುತ್ತ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಗೋಡೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೇಸ್ತ್ರಿಯ ಹೆಂಡತಿ ಕಾಫಿ ತಂದರು. ಗೌಡರು ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು, "ತಪ್ಪಾಯ್ತು ಮೇಸ್ತ್ರಿ. ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ನಾಳೆಯಿಂದ ಬನ್ನಿ" ಅಂದರು.

ಅಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಮೇಸ್ತ್ರಿ ಮುಖ ತಿರುಗಿಸಿದರು. ಕಣ್ಣು ಕೆಂಪಗಿದ್ದರೂ ದನಿ ಗಟ್ಟಿಯಾಗಿತ್ತು.

"ಮನೆಗೆ ಬಂದಿದ್ದೀರಾ, ದೊಡ್ಡದು. ಆದ್ರೆ ನೀವು ಬೈದಿದ್ದು ಇಲ್ಲಲ್ಲ ಗೌಡ್ರೇ. ಶೆಡ್ಡಲ್ಲಿ. ನಾಲ್ಕು ಜನದ ಮುಂದೆ."

ಗೌಡರ ಲೋಟ ಬಾಯಿಯ ಹತ್ತಿರವೇ ನಿಂತಿತು. ಈ ಮನುಷ್ಯ ಎದ್ದು ಹೋದರೆ ಶೆಡ್ಡೂ ಹೋಯಿತು. ಗೌಡರು ಕಾಫಿ ಪೂರ್ತಿ ಕುಡಿದರು, ಲೋಟ ಕೆಳಗಿಟ್ಟರು, "ಆಯ್ತು" ಅಂತಷ್ಟೇ ಅಂದು ಎದ್ದರು.

ಎಂಜಿನ್ ಹೊರಗೆ ತೆಗೆದು ಬ್ಲಾಕನ್ನು ಲೇತ್ ಅಂಗಡಿಗೆ ಕಳಿಸಿದೆವು. ಹಳೇ ಸ್ಲೀವ್ ಎಳೆದಾಗ ಹಿಂದಿನ ಗೋಡೆಯಲ್ಲಿ ತೂತು ಕಾಣಿಸಿತು, ಸುತ್ತ ಕೆಂಪಗೆ ಉಂಗುರ ಕಟ್ಟಿತ್ತು. ಇನ್ನೊಂದಿಷ್ಟು ಕೊರೆದು, ದಪ್ಪ ಸ್ಲೀವ್ ಜಡಿದು, ಸಂದಿಯಲ್ಲಿ ನೀರು ನುಸುಳದ ಮೇಣ ಹಚ್ಚಿ ಕೊಟ್ಟರು. ಹೆಡ್ ಕೂರಿಸುವ ಮೊದಲು ಬ್ಲಾಕಿನ ನೀರಿನ ಬಾಯಿಗಳಿಗೆ ತಗಡು ಬಿಗಿದು, ಕುದಿನೀರು ತುಂಬಿ ಗಾಳಿ ಹೊಡೆದು ಬೆಳಗಿನಿಂದ ಸಂಜೆವರೆಗೆ ಇಟ್ಟೆವು. ಪೇಪರ್ ಒಣಗೇ ಉಳಿಯಿತು. ಮೇಸ್ತ್ರಿ ಬರುತ್ತಿದ್ದರು, ಕೆಲಸ ಮಾಡುತ್ತಿದ್ದರು, ಆದರೆ ಗೌಡರ ಎಂಜಿನ್ನಿಗೆ ಮಾತ್ರ ಕೈ ಹಚ್ಚಲಿಲ್ಲ. ಹೆಡ್ ಕೂರಿಸುವ ದಿನವೂ ದೂರ ನಿಂತಿದ್ದರು. ನಾನೂ ಬಲವಂತ ಮಾಡಲಿಲ್ಲ.

ಆ ದಿನ ಭಾನುವಾರ, ಶೆಡ್ಡಿನ ತುಂಬ ಗಿರಾಕಿಗಳು, ಹೆಡ್ ಇನ್ನೂ ಬೆಂಚಿನ ಮೇಲೇ ಇತ್ತು. ಗೌಡರು ನಡೆದುಕೊಂಡು ಬಂದರು. ಗುಂಡಿಯ ಪಕ್ಕ ನಿಂತು, ಟವೆಲ್ ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಮೇಸ್ತ್ರಿ ತಪ್ಪು ಏನೂ ಇರ್ಲಿಲ್ಲ. ತಪ್ಪು ನಂದು" ಅಂದರು.

ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆ ಮಡಚುತ್ತ, "ಆವತ್ತು ರಸ್ತೆವರ್ಗೂ ಕೇಳ್ಸಿತ್ತು ಗೌಡ್ರೇ" ಅಂದರು.

ಗೌಡರು ಮೇಸ್ತ್ರಿಯನ್ನೇ ನೋಡಿದರು. ಆಮೇಲೆ ತಿರುಗಿ ತಗಡಿನ ಮಾಡು ದಾಟಿ ಹೊರಗೆ ನಡೆದರು. ಹೋದರಪ್ಪ, ಎಲ್ಲ ಮುಗಿಯಿತು ಅಂದುಕೊಂಡೆ. ಅವರು ಹೋಗಲಿಲ್ಲ. ರಸ್ತೆಯ ಅಂಚಿನಲ್ಲಿ ನಿಂತರು, ಕೆಮ್ಮಿ ಗಂಟಲು ಸರಿ ಮಾಡಿಕೊಂಡರು, ಅವತ್ತಿನದೇ ದೊಡ್ಡ ದನಿಯಲ್ಲಿ ಇನ್ನೊಮ್ಮೆ ಹೇಳಿದರು:

"ಮೇಸ್ತ್ರಿ ಕೆಲ್ಸ ಸರಿಯಾಗೇ ಮಾಡವ್ರೆ! ಕೆಡ್ಸಿದ್ದು ನಾನು!"

ಸೈಕಲ್ ಮೇಲೆ ಹೋಗುತ್ತಿದ್ದವನೊಬ್ಬ ಕಾಲೂರಿ ನಿಂತು ನೋಡಿದ. ಮೇಸ್ತ್ರಿ ಬಟ್ಟೆಯನ್ನು ಬೆಂಚಿನ ಮೇಲಿಟ್ಟು, ಅಂಗಿಯ ತೋಳು ಮಡಚುತ್ತ ಗೌಡರ ಎಂಜಿನ್ನಿನ ಹತ್ತಿರ ಬಂದರು.

"ಸರಿ ಕಣಪ್ಪಾ, ಆ ಕಡೆ ಸರಿ. ಹೆಡ್ ನಾನು ಕೂರಿಸ್ತೀನಿ."